ಚಾಪೆ ನಿಯಮ ತಪ್ಪೆಂದವಳ ನೇಮಕಾತಿ

ಕೃಷ್ಣೆಯ ದಂಡೆ
ಚೈತ್ರದ ಮೂವತ್ತೆರಡನೆಯ ದಿನ, ಇಸವಿ ೨೧೫೩

ನಮ್ಮ ಮನಃಶಾಸ್ತ್ರ ವಿಭಾಗದ ಅತಿಥಿ ಉಪನ್ಯಾಸಕರಿಗೆ, ನಿಮಗಿಂತ ನೂರಿಪ್ಪತ್ತೇಳು ವರ್ಷ ಈಚೆ ಅದೇ ವಿಭಾಗದ ಮುಖ್ಯಸ್ಥೆಯಾಗಿರುವ ಶಾಂಭವಿ ಕಮತಗಿಯ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಬೆಳೆದಂತೆ ನಾವು ಚೈತ್ರಕ್ಕೂ ಎರಡು ದಿನ ಸೇರಿಸಿಕೊಂಡಿದ್ದೇವೆ. ನಮ್ಮ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಆದಷ್ಟು ಬಿಡಿಸಿ ಹೇಳುತ್ತೇನೆ. ಕಾಗದವನ್ನು ಹಿಂದಿನ ಕಾಲಕ್ಕೆ ಕಳಿಸುವ ಹಿಮ್ಮುಖ ಅಂಚೆ ಹೇಗೆ ನಡೆಯುತ್ತದೆಂದು ಮಾತ್ರ ಕೇಳಬೇಡಿ, ನನಗೂ ಗೊತ್ತಿಲ್ಲ. ಮಂಜೂರಾದ ಆರು ಹುದ್ದೆಗಳೂ ಖಾಲಿ ಇದ್ದ ಕಾಲದಲ್ಲಿ, ವರ್ಷ ವರ್ಷವೂ ಹೊಸದಾಗಿ ಅರ್ಜಿ ಹಾಕಿ, ಪಾಠ ನಿಲ್ಲದಂತೆ ನೋಡಿಕೊಂಡವರು ನೀವು. ಈ ಸಲದ ನೇಮಕಾತಿಯಲ್ಲಿ ನಡೆದದ್ದನ್ನು ನಿಮಗೆ ಹೇಳದೆ ಮತ್ಯಾರಿಗೆ ಹೇಳಲಿ?

ಇಲ್ಲಿ ಫಾಲ್ಗುಣದಿಂದ ಜ್ಯೇಷ್ಠದವರೆಗೆ ಮಧ್ಯಾಹ್ನದ ಹೊತ್ತು ಮನೆಯಲ್ಲಿ ಕೂರಲಾಗುವುದಿಲ್ಲ. ನೆಲದ ಕೆಳಗೆ ಕಲ್ಲಿನಲ್ಲಿ ಕಟ್ಟಿದ ತಂಪುಮನೆಗಳಿಗೆ ಊರಿಗೆ ಊರೇ ಇಳಿಯುತ್ತದೆ. ಒಂದೊಂದರಲ್ಲಿ ನಾನೂರು ಜನ. ಬುತ್ತಿ ಬಿಚ್ಚುವುದು, ಕೌದಿ ಹೊಲಿಯುವುದು, ಮಕ್ಕಳ ಮಗ್ಗಿ, ಮುದುಕರ ಗೊರಕೆ ಎಲ್ಲ ಅಲ್ಲೇ. ಗಾಳಿಕಿಂಡಿಯ ಪಕ್ಕದ ಜಾಗಕ್ಕಾಗಿ ಜಗಳವೂ ಅಲ್ಲೇ. ನಮ್ಮ ಹಿರಿಯ ಪ್ರಾಧ್ಯಾಪಕ ಪೀರಸಾಬ ನದಾಫರು ಮೂವತ್ತು ವರ್ಷ ಈ ಜಗಳಗಳನ್ನೇ ಅಧ್ಯಯನ ಮಾಡಿದವರು. ಜಗಳವಾಡಿದ ಇಬ್ಬರನ್ನು ಒಂದೇ ಚಾಪೆಯ ಮೇಲೆ ಕೂರಿಸಿದರೆ ಒಂಬತ್ತು ದಿನದೊಳಗೆ ರಾಜಿಯಾಗುತ್ತಾರೆ ಎಂಬುದು ಅವರ ಸಿದ್ಧಾಂತ. ಅದಕ್ಕೆ ‘ಚಾಪೆ ನಿಯಮ’ ಎಂದೇ ಹೆಸರು. ಶಾಲೆಯ ಮಕ್ಕಳೂ ಅದನ್ನು ಬಾಯಿಪಾಠ ಒಪ್ಪಿಸುತ್ತಾರೆ.

ವಿಭಾಗದಲ್ಲಿ ಉಳಿದಿದ್ದವರು ನಾನು ಮತ್ತು ಅವರು, ಇಬ್ಬರೇ. ಮೂವರಿಲ್ಲದ ವಿಭಾಗವನ್ನು ಯುಗಾದಿಗೆ ಮುಚ್ಚಬೇಕೆಂಬುದು ವಿಶ್ವವಿದ್ಯಾಲಯದ ಕಟ್ಟಳೆ. ಮೂರು ಸಲ ಜಾಹೀರಾತು ಕೊಟ್ಟರೂ ಅರ್ಜಿ ಬರಲಿಲ್ಲ. ಮನಸ್ಸಿನ ಗೋಳು ಕೇಳಲು ಮನೆಮನೆಯಲ್ಲೂ ‘ಆಲಿಕ’ ಎಂಬ ಯಂತ್ರವಿರುವಾಗ ಇದನ್ನು ಕಲಿಸಲು ಯಾರು ಬರುತ್ತಾರೆ? ನಾಲ್ಕನೆಯ ಸಲ ಒಂದೇ ಒಂದು ಅರ್ಜಿ ಬಂತು. ನೀಲಮ್ಮ ತಳವಾರ, ವಯಸ್ಸು ನಲವತ್ತಾರು, ಹತ್ತೊಂಬತ್ತು ವರ್ಷದಿಂದ ತಂಪುಮನೆಯ ಮೇಲ್ವಿಚಾರಕಿ. ಕೆಲಸದ ಜೊತೆಗೇ ಪಿಎಚ್‌ಡಿ ಮುಗಿಸಿದ್ದಳು.

ಸಂದರ್ಶನಕ್ಕೆ ಮೈಸೂರಿನಿಂದ ವಿಷಯತಜ್ಞೆ ಚೆಲುವಾಂಬೆ ಬಂದಿದ್ದರು. ನಾವು ಮೂವರೂ ಸಹಿ ಹಾಕಿದರಷ್ಟೇ ನೇಮಕ.

“ಚಾಪೆ ನಿಯಮ ತಪ್ಪು ಅಂತ ಬರೆದಿದ್ದೀರಲ್ಲಮ್ಮ,” ಎಂದರು ಚೆಲುವಾಂಬೆ, ಪ್ರಬಂಧ ಮುಂದಿಟ್ಟುಕೊಂಡು. “ಆ ನಿಯಮ ಮಾಡಿದವರೇ ಇಲ್ಲಿ ಕೂತಿದ್ದಾರೆ, ಗೊತ್ತಾ?”

“ಗೊತ್ತೈತ್ರಿ. ಸರ್ ಪುಸ್ತಕ ಓದೇ ನಾ ಈ ಶಾಸ್ತ್ರಕ್ಕ ಬಂದೀನ್ರಿ.”

“ಮತ್ತೆ?”

“ಹತ್ತೊಂಬತ್ತು ವರ್ಷ ಚಾಪಿ ಹಾಸೀನ್ರಿ. ಹಂಗ ಆಗ್ಲಿಲ್ರಿ.”

ಪೀರಸಾಬರು ಪ್ರಬಂಧವನ್ನು ಕಂಕುಳಲ್ಲಿಟ್ಟುಕೊಂಡು ಎದ್ದು ಹೋದರು. ನಿಜ ಹೇಳುತ್ತೇನೆ, ನನಗೆ ಸಿಟ್ಟು ಬಂದದ್ದು ನೀಲಮ್ಮನ ಮೇಲೆ. ಒಂದು ತಿಂಗಳ ಮಟ್ಟಿಗಾದರೂ ಬಾಯಿ ಮುಚ್ಚಿಕೊಂಡಿರಬಾರದಿತ್ತೇ ಎನಿಸಿತು. ಮರುದಿನ ಅವಳಿಂದ ಚೀಟಿ ಬಂತು: ಹಿರಿಯರಿಗೆ ನೋವಾಗಿದೆ, ಅರ್ಜಿ ಹಿಂದಕ್ಕೆ ಪಡೆಯುತ್ತೇನೆ.

ನಾಲ್ಕು ದಿನ ಪೀರಸಾಬರು ವಿಭಾಗಕ್ಕೆ ಬರಲಿಲ್ಲ. ಐದನೆಯ ದಿನ ಬೆಳಿಗ್ಗೆ ನಾನೇ ಅವರ ಮನೆಗೆ ಹೋದೆ. ಮೂವತ್ತು ವರ್ಷದ ಟಿಪ್ಪಣಿ ಪುಸ್ತಕಗಳನ್ನು ನೆಲದ ತುಂಬ ಹರವಿಕೊಂಡು ನಡುವೆ ಕೂತಿದ್ದರು. ಗಡ್ಡ ಬೆಳೆದಿತ್ತು.

“ನಾನೂರಾ ಹನ್ನೆರಡು ಜಗಳ ಮುಗದಾವಂತ ಬರದೀನಿ, ಶಾಂಭವಿ,” ಎಂದರು. “ಅದರಾಗ ನೂರಾ ತೊಂಬತ್ತು ಮುಗದೇ ಇಲ್ಲ. ಇಬ್ಬರಾಗ ಒಬ್ಬರು ತಂಪುಮನಿಗೆ ಬರೂದು ಬಿಟ್ಟಿದ್ರು. ಅಂಥಾ ಬಿಸಲಾಗ ಮನ್ಯಾಗ ಕುಂತಿದ್ರು. ನಾ ರಾಜಿ ಆತು ಅಂತ ಗೀಟು ಹಾಕ್ದೆ. ಈ ಪ್ರಬಂಧ ಬರದಾಕಿ ಅವರ ಮನಿ ಹುಡುಕ್ಕೊಂಡು ಹೋಗ್ಯಾಳ.”

ನಾನು ಒಳಗೆ ಹೋಗಿ ಚಹಾ ಮಾಡಿದೆ. ಬಂದು ನೋಡಿದರೆ ಅವರು ನಾನು ತಂದಿದ್ದ ನೇಮಕದ ಹಾಳೆಗೆ ಸಹಿ ಹಾಕಿ, ಚಪ್ಪಲಿ ಮೆಟ್ಟಿ ನಿಂತಿದ್ದರು.

ನೀಲಮ್ಮನ ತಂಪುಮನೆಗೆ ತೊಂಬತ್ತು ಮೆಟ್ಟಿಲು. ಎಪ್ಪತ್ತೊಂದು ವರ್ಷದ ಪೀರಸಾಬರು ನನ್ನ ಭುಜ ಹಿಡಿದು ಇಳಿದರು. ಅವಳು ನೀರಿನ ಕೊಡ ಇಳಿಸಿ ಸೆರಗಿಗೆ ಕೈ ಒರೆಸಿಕೊಂಡು ಓಡಿ ಬಂದಳು.

“ಸಿಟ್ಟಾಗಬ್ಯಾಡ್ರಿ ಸರ್. ನಾ ಚೀಟಿ ಕಳಿಸೀನಿ...”

“ಸಿಟ್ಟು ಐತಿ ತಂಗಿ, ಇಲ್ಲ ಅನ್ನಂಗಿಲ್ಲ,” ಎಂದರು ಪೀರಸಾಬರು. “ಅದಕ್ಕ ಬಾ. ದಿನಾ ಎದುರಿಗೆ ಕುಂತು ನನ್ನ ಕೂಡ ವಾದಾ ಮಾಡು. ಇಲ್ಲಂದ್ರ ಈ ಸಿಟ್ಟು ತಗೊಂಡು ನಾ ಏನು ಮಾಡ್ಲಿ?”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವರು ಬೇರೆ ಕಡೆ ನೋಡುತ್ತ, ಗಾಳಿಕಿಂಡಿ ಎಷ್ಟು ಅಗಲವಿದೆಯೆಂದು ವಿಚಾರಿಸಿದರು. ಯುಗಾದಿಗೆ ಎರಡು ದಿನ ಇರುವಾಗ ನೀಲಮ್ಮ ಕೆಲಸಕ್ಕೆ ಸೇರಿದಳು. ಈಗ ಅವಳ ಪಾಠಕ್ಕೆ ಇಪ್ಪತ್ತಾರು ವಿದ್ಯಾರ್ಥಿಗಳಿದ್ದಾರೆ. ಕೊನೆಯ ಬೆಂಚಿನಲ್ಲಿ ಪೀರಸಾಬರು ಕೂತು, ವಾರಕ್ಕೆರಡು ಸಲವಾದರೂ ಕೈ ಎತ್ತಿ ತಕರಾರು ತೆಗೆಯುತ್ತಾರೆ. ಅವಳು ಬಿಟ್ಟುಕೊಡುವುದಿಲ್ಲ. ಆಮೇಲೆ ಇಬ್ಬರೂ ನನ್ನ ಕೋಣೆಗೆ ಬಂದು, ನನ್ನದೇ ಮಂಡಕ್ಕಿ ತಿನ್ನುತ್ತ ಅದೇ ವಾದ ಮುಂದುವರಿಸುತ್ತಾರೆ. ಹೀಗಾಗಿ ನನಗೆ ಯಾವ ಕೆಲಸವೂ ಸಾಗುವುದಿಲ್ಲ. ನಾನು ಇಷ್ಟು ಸಂತೋಷವಾಗಿದ್ದು ನೆನಪಿಲ್ಲ.

ಈ ಪತ್ರ ಬರೆಯಲು ಹೇಳಿದವಳು ನೀಲಮ್ಮ. ಅವಳದೊಂದು ಕೋರಿಕೆಯಿದೆ. ನಿಮ್ಮ ಕಾಲದಿಂದ ನಮಗೆ ಬಂದಿರುವುದು ಅಚ್ಚಾದ ಲೇಖನಗಳು ಮಾತ್ರ, ಎಲ್ಲವೂ ಫಲ ಕೊಟ್ಟ ಪ್ರಯೋಗಗಳು. ಕೈಕೊಟ್ಟ ಪ್ರಯೋಗಗಳ ಟಿಪ್ಪಣಿಗಳು, ತಾಳೆಯಾಗದ ಲೆಕ್ಕಗಳು, ನಾಚಿಕೆಯಿಂದ ಬದಿಗಿಟ್ಟ ಹಾಳೆಗಳು ನಿಮ್ಮ ಹತ್ತಿರ ಖಂಡಿತ ಇರುತ್ತವೆ. ದಯವಿಟ್ಟು ಅವನ್ನು ರದ್ದಿಗೆ ಹಾಕಬೇಡಿ. ಗ್ರಂಥಾಲಯದ ಹಿಂದಿನ ಕೋಣೆಯ ಹಸಿರು ಬಣ್ಣದ ಕಬ್ಬಿಣದ ಕಪಾಟು ಇನ್ನೂ ಗಟ್ಟಿಯಾಗಿದೆ. ಅದರ ಕೆಳಗಿನ ಅರೆಯಲ್ಲಿ ಇಟ್ಟುಬಿಡಿ. ಇಂದು ಬೆಳಿಗ್ಗೆ ನಾವು ಮೂವರೂ ಹೋಗಿ ತೆರೆದು ನೋಡಿದೆವು, ಖಾಲಿಯಿತ್ತು. ಈ ಪತ್ರವನ್ನು ಅಂಚೆಗೆ ಹಾಕಿ, ಮತ್ತೊಮ್ಮೆ ಹೋಗಿ ನೋಡುತ್ತೇವೆ.

ನಿಮ್ಮವಳೇ ಆದ,
ಶಾಂಭವಿ