ಮಗಳಿಗೆ ಕಾವು

ಜನವರಿ 6, ಮಂಗಳವಾರ
ನೋಯ್ಡಾದ ಕೋಚಿಂಗ್‌ನಲ್ಲಿ ಕೆಮಿಸ್ಟ್ರಿ ಪಾಠ. ಉಷ್ಣ, ಉಷ್ಣಾಂಶ—ಎರಡೂ ಒಂದೇ ಅಂದುಕೊಂಡಿದ್ದಾರೆ ಎಲ್ಲರೂ. ಒಂದು ಲೋಟ ಕುದಿನೀರು, ಒಂದು ಬಕೆಟ್ ಬಿಸಿನೀರು. ಉಷ್ಣಾಂಶ ಲೋಟದ್ದೇ ಹೆಚ್ಚು. ಒಳಗಿರುವ ಶಕ್ತಿ ಬಕೆಟ್ಟಿನದೇ ಹೆಚ್ಚು. ಆ ಶಕ್ತಿ ಬಿಸಿಯಿಂದ ತಣ್ಣಗಿನದಕ್ಕೆ ಹರಿದರೆ ಅದು ಉಷ್ಣ. ಮೊದಲು ಆರುವುದು ಯಾವುದು ಎಂದೆ. "ಲೋಟ, ಸರ್!"
ಮನೆಗೆ ಬಂದರೆ ಮಯೂರ್ ವಿಹಾರ್ ತುಂಬ ಮಂಜು. ಅದಿತಿಯ ಕಾಲು ಊದಿದೆ. ಹೆರಿಗೆಗೆ ಇನ್ನೂ ಎರಡು ತಿಂಗಳು. ನಾಳೆ ಡಾಕ್ಟರ್ ಹತ್ತಿರ ಹೋಗಬೇಕು.

ಜನವರಿ 11, ಭಾನುವಾರ
ಬರೆಯಲು ಆಗಲೇ ಇಲ್ಲ. ಗುರುವಾರ ಅದಿತಿಯ ಬಿ.ಪಿ. ವಿಪರೀತ ಏರಿತು. ಆಪರೇಷನ್. ಹೆಣ್ಣು ಮಗು, ಒಂದೂವರೆ ಕೆ.ಜಿ. ಗಾಜಿನ ಪೆಟ್ಟಿಗೆಯಲ್ಲಿದ್ದಾಳೆ. ಅದಿತಿ ಕೆಳಮಹಡಿಯ ಐಸಿಯುನಲ್ಲಿ. ಮಗಳನ್ನು ಫೋನಿನಲ್ಲಷ್ಟೇ ನೋಡಿದ್ದಾಳೆ.
"ಮೂಗು ಯಾರ ಥರ ಇದೆ, ರಾಘವ?"
"ನಿನ್ನ ಥರಾನೇ."
ಸುಳ್ಳು. ಯಾರ ಥರ ಎನ್ನುವಷ್ಟು ಮೂಗು ಇನ್ನೂ ಬಂದಿಲ್ಲ.

ಜನವರಿ 13, ಮಂಗಳವಾರ
ಮಗಳ ತೂಕ ಏರುತ್ತಿಲ್ಲ. ಕುಡಿದ ಹಾಲಿನ ಶಕ್ತಿಯೆಲ್ಲ ಮೈ ಬೆಚ್ಚಗಿಟ್ಟುಕೊಳ್ಳುವುದಕ್ಕೇ ಖರ್ಚು. ಬೆಳೆಯುವುದಕ್ಕೆ ಏನುಳಿಯುತ್ತದೆ? ಪುಟ್ಟ ಮೈ, ಬೇಗ ಆರುತ್ತದೆ. ಬೋರ್ಡಿನ ಮೇಲೆ ಇದನ್ನೆಲ್ಲ ಬರೆಯುವುದು ಎಷ್ಟು ಸುಲಭವಾಗಿತ್ತು...
ಯಾರಾದರೂ ಬರಿಮೈಗೆ ಒತ್ತಿ ಹಿಡಿದುಕೊಂಡು ಕೂರಬೇಕಂತೆ. ತಾಯಿಗೆ ಈಗ ಆಗದು. "ಪಾಪಾ ಕರೇಂಗೇ?"—ಅಪ್ಪ ಮಾಡುತ್ತಾರಾ ಎಂದು ಕೇಳಿದರು ಡಾಕ್ಟರ್.
ಕೈ ತಣ್ಣಗಿದೆ ಎಂದು ಹೇಳಿ ಹೊರಗೆ ಬಂದೆ. ನೆಪ. ಜಾರಿ ಬಿದ್ದರೆ? ಹಿಡಿತ ಬಿಗಿಯಾದರೆ?
ಅಮ್ಮ ಚಿತ್ರದುರ್ಗದಿಂದ ಬಂದಿದ್ದಾಳೆ. ಕಾರಿಡಾರಿನಲ್ಲಿ ಕೂತು ಎಲ್ಲ ಕೇಳಿದಳು. "ಕೈ ತಣ್ಣಗಿದ್ರೆ ಉಜ್ಜಿಕೊಳ್ಳೋ. ನಿನಗೆ ಧೈರ್ಯ ಬರೋವರೆಗೂ ಕೂಸು ಕಾಯಬೇಕಾ?"

ಜನವರಿ 14, ಬುಧವಾರ
ಸಂಕ್ರಾಂತಿ. ಅಮ್ಮ ನನ್ನ ಅಂಗೈಗೆ ಎಳ್ಳುಬೆಲ್ಲ ಹಾಕಿ, ಒಳಕ್ಕೆ ತಳ್ಳಿದಳು.
ಶರ್ಟು ಬಿಚ್ಚಿ ಕೂತೆ. ಸಿಸ್ಟರ್ ಮಗಳನ್ನು ಎದೆಯ ಮೇಲೆ ಮಲಗಿಸಿ ಶಾಲು ಹೊದಿಸಿದರು. ಬೆಕ್ಕಿನ ಮರಿಯ ಭಾರವೂ ಇಲ್ಲ. "ಸಾಂಸ್ ಲೀಜಿಯೇ, ಸರ್," ಎಂದು ನಕ್ಕರು. ಉಸಿರಾಡುವುದನ್ನೇ ಮರೆತಿದ್ದೆ.
ಪಾದ ಮೊದಲು ತಣ್ಣಗಿತ್ತು. ನಿಧಾನವಾಗಿ ಬೆಚ್ಚಗಾಯಿತು. ಮುಷ್ಟಿ ಬಿಚ್ಚಿ ಎದೆಗೂದಲು ಹಿಡಿದುಕೊಂಡಳು—ನಿದ್ದೆಯಲ್ಲೇ.
ಶಾಖ ಹರಿದದ್ದು ನನ್ನಿಂದ ಅವಳಿಗೆ, ಸರಿ. ಆದರೆ ಪೆಟ್ಟಿಗೆಯಲ್ಲಿ ವಾಪಸ್ ಮಲಗಿಸಿದಾಗ ಚಳಿಯಾದದ್ದು ನನಗೆ.

ಜನವರಿ 21, ಬುಧವಾರ
ಬೆಳಿಗ್ಗೆ, ಸಂಜೆ ಆಸ್ಪತ್ರೆ. ನಡುವೆ ಕ್ಲಾಸು. ತೂಕ ಏರುತ್ತಿದೆ! ಚೂರು ಚೂರೇ, ಆದರೂ ಏರುತ್ತಿದೆ.
ಇವತ್ತು ಅದಿತಿ ವೀಲ್‌ಚೇರಿನಲ್ಲಿ ಬಂದಳು. ಮಗಳು ನನ್ನ ಶಾಲಿನೊಳಗೆ. ಎರಡೂ ಕೈ ಚಾಚಿದಳು ಅದಿತಿ.
"ಕೊಡು ಇಲ್ಲಿ. ಸಾಕು ನಿಂದು."
ಕೊಟ್ಟೆ. ಮುಖಕ್ಕೆ ಮುಖ ತಂದು ನೋಡಿದಳು. "ಸುಳ್ಳುಗಾರ. ಎಲ್ಲಿದೆ ನನ್ನ ಮೂಗು?" ಎನ್ನುತ್ತಲೇ ಅಳು.

ಫೆಬ್ರವರಿ 8, ಭಾನುವಾರ
ಮೂವರೂ ಮನೆಯಲ್ಲಿದ್ದೇವೆ. ಅಮ್ಮನೂ ಸೇರಿದರೆ ನಾಲ್ವರು. ಬಾಲ್ಕನಿಗೆ ಬಿಸಿಲು ಬಂದಿದೆ. ಬಾಣಂತಿಗೆ ಮೆಣಸಿನ ಸಾರು ಕುದಿಯುತ್ತಿದೆ. ಬೆಳಗಿನಿಂದ ಹೆಸರಿನ ಜಗಳ. ಅಮ್ಮನಿಗೆ ಗೌರಿ ಎಂದಿಡಬೇಕು, ಅದಿತಿಗೆ ಹಂಸಾ. "ನೀನೇನಂತೀಯ?" ಎಂದು ಇಬ್ಬರೂ ನನ್ನ ಮೇಲೆ.
ನಾನು ಡೈರಿ ಹಿಡಿದು ಕೂತಿದ್ದೇನೆ. ಆಸ್ಪತ್ರೆಯಲ್ಲಿ ನಾನು, ಮಗಳು ಇಬ್ಬರೇ ಇದ್ದಾಗ ಅವಳ ಕಿವಿಯಲ್ಲಿ ಒಂದು ಹೆಸರು ಕರೆಯುತ್ತಿದ್ದೆ. ಯಾರಿಗೂ ಹೇಳಿಲ್ಲ. ಇಲ್ಲಾದರೂ ಬರೆದಿಡೋಣ ಎಂದರೆ... ಅದು—
ಮಗಳು ಎದ್ದಳು.