ಸೀಸೆಯ ಮೇಲಿನ ಅವ್ವ

ಪಿರಿಯಾಪಟ್ಟಣ
೯–೨–೧೯೬೬

ತಮ್ಮ ರುದ್ರಸ್ವಾಮಿಗೆ ಅಕ್ಕ ಬಸವಮ್ಮನ ಆಶೀರ್ವಾದ.

ಇಲ್ಲಿ ನಾವು ಕ್ಷೇಮವಾಗಿಲ್ಲ. ನೀನು ಕ್ಷೇಮವಾಗಿಯೇ ಇರುತ್ತೀ ಎಂದು ಗೊತ್ತಿರುವುದರಿಂದ ಅದನ್ನು ಕೇಳುವುದಿಲ್ಲ.

ನಿನ್ನ ಕಾರ್ಡು ಬಂತು. ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸಿದ ಎರಡು ಸೀಸೆ ಟಾನಿಕ್ಕೂ ಬಂತು. ಸರ್ವಮಂಗಳೆಯ ಮದುವೆ ತಪ್ಪಿಹೋಗುತ್ತಿದೆ, ಏನಾದರೂ ಮಾಡು ಎಂದು ನಾನು ಬರೆದರೆ ನೀನು ರಕ್ತವೃದ್ಧಿಗೆ ಔಷಧಿ ಕಳಿಸುತ್ತೀಯಲ್ಲ, ನಿನಗೆ ಏನು ಹೇಳಲಿ? ಅವಳಿಗೆ ರಕ್ತ ಬೇಕಾದಷ್ಟಿದೆ. ಇಲ್ಲದಿರುವುದು ಬುದ್ಧಿಯಿರುವ ಸೋದರಮಾವ.

ನಡೆದದ್ದನ್ನು ಮೊದಲಿಂದ ಬರೆಯುತ್ತೇನೆ. ಹೋದ ಸಲದ ಕಾಗದವನ್ನು ನೀನು ಅರ್ಧ ಓದಿ ಗಲ್ಲಾ ಪೆಟ್ಟಿಗೆಯ ಕೆಳಗೆ ಸೇರಿಸಿರುತ್ತೀ.

ಬೆಟ್ಟದಪುರದ ಕಂಠಪ್ಪನವರ ಮನೆಯವರು ಹೆಣ್ಣು ನೋಡಲು ಬಂದರು. ಹುಡುಗ ಹುಣಸೂರಿನ ಹೈಸ್ಕೂಲಿನಲ್ಲಿ ಮೇಷ್ಟ್ರು. ಇದುವರೆಗೆ ಬಂದ ಗಂಡುಗಳಿಗೆಲ್ಲ ಒಂದೊಂದು ಕುಂದು ಹೇಳಿ ನನ್ನ ತಲೆ ತಿಂದ ಈ ಹುಡುಗಿ, ಈ ಹುಡುಗನನ್ನು ನೋಡಿ ಒಳಗೆ ಬಂದು, ಒಪ್ಪಿಗೆ ಅಂತ ಹೇಳಿಬಿಡವ್ವ ಎಂದಳು. ನನಗೆ ಕಣ್ಣಲ್ಲಿ ನೀರು ಬಂತು. ಉಪ್ಪಿಟ್ಟು ತಟ್ಟೆಗೆ ಬಡಿಸಿ ಹೊರಗೆ ಬಂದೆ. ಹುಡುಗನ ತಾಯಿ ಚೆನ್ನಾಜಮ್ಮ ನಡುಮನೆಯ ಗೋಡೆಯ ಮುಂದೆ ನಿಂತು ನಮ್ಮ ಅವ್ವನ ಪಟ ನೋಡುತ್ತಿದ್ದರು. ಇವರು ಯಾರು ಎಂದು ಕೇಳಿದರು. ನಮ್ಮವ್ವ, ತೀರಿಕೊಂಡು ಮೂರು ವರ್ಷವಾಯಿತು ಎಂದೆ. ಆ ಹೆಂಗಸಿನ ಮುಖ ಒಂದು ಥರ ಆಯಿತು. ಉಪ್ಪಿಟ್ಟನ್ನು ಮುಟ್ಟಲಿಲ್ಲ. ತಿಳಿಸುತ್ತೇವೆ ಎಂದು ಹೋದವರು ಇವತ್ತಿನವರೆಗೆ ತಿಳಿಸಿಲ್ಲ.

ಸಂಬಂಧ ತಂದ ಹುಚ್ಚಯ್ಯನನ್ನು ಕರೆಸಿ ಕೇಳಿದೆ. ಬಸ್ಸಿನಲ್ಲಿ ಹಿಂದಿರುಗುವಾಗ ಚೆನ್ನಾಜಮ್ಮ ಅವನನ್ನು ಕೇಳಿದ್ದು ಒಂದೇ ಮಾತಂತೆ: "ಆ ಪಟದಲ್ಲಿರೋವಮ್ಮಂಗೆ ಮೂರ್ಛೆ ಬತ್ತಿತ್ತು ಅಲ್ವಾ?"

ಅರ್ಥವಾಯಿತೇ ನಿನಗೆ? ನಮ್ಮ ಬಳಿ ಅವ್ವನದು ಇರುವುದು ಅದೊಂದೇ ಚಿತ್ರ. ಅಪ್ಪ ಮೈಸೂರಿನಿಂದ ಫೋಟೋದವನನ್ನು ಕರೆಸಿ ತೆಗೆಸಿದ್ದು. ಅದೇ ಚಿತ್ರ ನಿನ್ನ ಶಿವಕಟಾಕ್ಷ ಔಷಧಾಲಯದ ಮೂರ್ಛಾಂತಕದ ಸೀಸೆ ಸೀಸೆಯ ಮೇಲೂ ಇದೆ. ಬೇರೆಯವರ ಮನೆಯಲ್ಲಿ ತಾಯಿಯ ಫೋಟೋ ಕಟ್ಟು ಹಾಕಿಸಿದರೆ ಕೈಮುಗಿಯುತ್ತಾರೆ. ನಮ್ಮ ಮನೆಗೆ ಬಂದವರು ನೋಡಿ ರೋಗದ ಹೆಸರು ಹೇಳುತ್ತಾರೆ.

ಅಪ್ಪನ ಮೇಲೆ ನನಗಿರುವ ಸಿಟ್ಟು ಅಷ್ಟಿಷ್ಟಲ್ಲ. ಬ್ರಿಟಿಷರಿದ್ದ ಕಾಲದಲ್ಲಿ ಮದರಾಸಿನ ಪತ್ರಿಕೆ ತರಿಸಿಕೊಂಡು ಬಿಳಿಯರ ಔಷಧಿ ಕಂಪನಿಗಳ ಜಾಹೀರಾತನ್ನು ಕತ್ತರಿಸಿ ಇಟ್ಟುಕೊಳ್ಳುತ್ತಿದ್ದರು. ಇಂಥ ಕರ್ನಲ್ಲನ ಹೆಂಡತಿ ಇಂಥ ಗುಳಿಗೆ ನುಂಗಿ ಹಾಸಿಗೆಯಿಂದ ಎದ್ದು ಕುಳಿತಳು, ಇಂಥ ಪಾದ್ರಿಯ ತಂಗಿಗೆ ಇಂಥ ಎಣ್ಣೆಯಿಂದ ಬೆನ್ನು ನೆಟ್ಟಗಾಯಿತು. ಔಷಧಿಗಿಂತ ಕರ್ನಲ್ಲನ ಹೆಂಡತಿ ಮುಖ್ಯ ಎಂದು ಅವರಿಗೆ ಹೊಳೆಯಿತು. ನಮ್ಮ ಸಾಲಿಗ್ರಾಮದಲ್ಲಿ ಕರ್ನಲ್ಲನ ಹೆಂಡತಿಯನ್ನು ಎಲ್ಲಿಂದ ತರುವುದು? ಊರಿನ ಬೇರೆ ಯಾರ ಹೆಸರು ಹಾಕಿದರೂ ನಾಳೆ ಬಂದು ಜಗಲಿಯ ಮೇಲೆ ಕುಳಿತು ಗಲಾಟೆ ಮಾಡುತ್ತಾರೆ ಎಂಬ ಹೆದರಿಕೆ. ಮನೆಯವರಾದರೆ ಕೇಳುವವರು ಯಾರು? ಆದ್ದರಿಂದ ನಮ್ಮ ಮನೆಯವರಿಗೆಲ್ಲ ಒಂದೊಂದು ರೋಗ ಹಂಚಿದರು. ಮನೆ ತುಂಬ ಮಕ್ಕಳಿದ್ದ ಸೋದರತ್ತೆಗೆ ಬಂಜೆತನ. ಸಾಯುವತನಕ ಕಬ್ಬು ಸಿಗಿದು ತಿಂದ ದೊಡ್ಡಪ್ಪನಿಗೆ ಹಲ್ಲು ಅಲುಗಾಟ. ನಿನಗೆ ಬಾಲಗ್ರಹ. ನನ್ನ ಪಾಲಿಗೆ ಬಂದದ್ದು ಬರೀ ಕಜ್ಜಿ. ಅದನ್ನೂ ಸ್ಕೂಲಿನಲ್ಲಿ ಯಾರೋ ಓದಿ, ನನ್ನ ಪಕ್ಕದಲ್ಲಿ ಒಬ್ಬಳೂ ಕೂರದೆ ವರ್ಷ ಕಳೆದೆ.

ಅವ್ವನಿಗೆ ಮೂರ್ಛೆ. "ಬಹುಕಾಲ ಮೂರ್ಛಾರೋಗದಿಂದ ನರಳಿ ಬದುಕಿನ ಆಸೆಯನ್ನೇ ತೊರೆದಿದ್ದ ನಾನು ತಮ್ಮ ದಿವ್ಯೌಷಧಿಯಿಂದ ಪುನರ್ಜನ್ಮ ಪಡೆದೆನು. ಇತಿ, ಗುರುಸಿದ್ಧಮ್ಮ, ಸಾಲಿಗ್ರಾಮ." ತಮ್ಮ ಅಂತೆ! ಹಿತ್ತಲಲ್ಲಿ ಒಂದೆಲಗ ಕಿತ್ತು, ತೊಳೆದು, ರುಬ್ಬಿ, ಬೆಲ್ಲದ ಪಾಕಕ್ಕೆ ಹಾಕಿ ಕೊಪ್ಪರಿಗೆಯ ಮುಂದೆ ಬೆವರು ಸುರಿಸಿ ಆ ದಿವ್ಯೌಷಧಿ ಕಾಯಿಸುತ್ತಿದ್ದವಳೇ ಅವಳು. ಅವಳಿಗೆ ತಲೆನೋವು ಬಂದದ್ದನ್ನೂ ನಾನು ಕಾಣೆ.

ಓದು ಬಾರದ ಅವಳಿಗೆ ಪಟದ ಅಡಿಯಲ್ಲಿ ಏನು ಅಚ್ಚಾಗಿದೆ ಎಂದು ಯಾರೂ ಹೇಳಲಿಲ್ಲ. ನಮ್ಮ ಯಜಮಾನರು ನನ್ನ ಪಟವನ್ನು ದೇಶದ ಮೇಲೆಲ್ಲ ಹಂಚುತ್ತಾರೆ ಎಂದು ಬಂದವರಿಗೆಲ್ಲ ಹೇಳಿಕೊಂಡು ಹಿಗ್ಗುತ್ತಿದ್ದಳು. ಬಂದವರು ಅವಳ ಕೈಯಿಂದ ಕಾಫಿ ಇಸಿದುಕೊಂಡು, ಮರುಕದಿಂದ ಮುಖ ನೋಡಿ ಹೋಗುತ್ತಿದ್ದರು. ಆ ಮರುಕವನ್ನು ಅವಳು ಪ್ರೀತಿ ಎಂದುಕೊಂಡಳು.

ಅಪ್ಪ ಹೋದರು, ಅವ್ವ ಹೋದಳು. ನೀನಾದರೂ ನಿಲ್ಲಿಸಬಾರದಿತ್ತೇ? ಇಂಥ ರೋಗಗಳಿಗೆ ಜಾಹೀರಾತು ಹಾಕಬಾರದೆಂದು ಸರ್ಕಾರದ ಕಾನೂನೇ ಇದೆ ಎಂದು ನಿನ್ನ ಭಾವ ಹೇಳುತ್ತಾರೆ. ಅದಕ್ಕೆ ನೀನು ಪತ್ರಿಕೆ ಬಿಟ್ಟು, ಸಂತೆಯಲ್ಲಿ ಪುಕ್ಕಟೆ ಹಂಚುವ ಪಂಚಾಂಗದಲ್ಲಿ ಅದನ್ನೇ ಹಾಕುತ್ತೀ. ಪಟ ಬದಲಾಯಿಸಿದರೆ ಜನ ನಕಲಿ ಮಾಲು ಎಂದುಕೊಳ್ಳುತ್ತಾರೆ ಎಂದು ಕಾರ್ಡಿನಲ್ಲಿ ಬರೆದಿದ್ದೀಯ. ಅಸಲಿ ಯಾವುದಪ್ಪ ಅದರಲ್ಲಿ?

ಈಗ ನನಗೆ ಬೇಕಾದದ್ದು ಇಷ್ಟೇ. ಬೆಟ್ಟದಪುರದ ಕಂಠಪ್ಪನವರಿಗೆ ನಿನ್ನ ಕೈಯಾರೆ ಬರೆ: ನಮ್ಮ ವಂಶದಲ್ಲಿ ಯಾರಿಗೂ ಮೂರ್ಛೆ ಇರಲಿಲ್ಲ, ಅದು ನಮ್ಮ ಅಪ್ಪ ವ್ಯಾಪಾರಕ್ಕಾಗಿ ಕಟ್ಟಿದ ಸುಳ್ಳು ಎಂದು. ನಾನು ಹೇಳಿದರೆ ನಡೆಯುವುದಿಲ್ಲ. ಹೆಣ್ಣು ಹೆತ್ತವಳು ರೋಗ ಮುಚ್ಚಿಡುತ್ತಿದ್ದಾಳೆ ಎನ್ನುತ್ತಾರೆ. ಔಷಧಿ ಮಾಡುವವನೇ ಹೇಳಿದರೆ ನಂಬಲೇಬೇಕು. ನಿನ್ನ ವ್ಯಾಪಾರ ಹಾಳಾಗುತ್ತದೆ, ಗೊತ್ತು. ನನ್ನ ಮಗಳು ಆ ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಅಜ್ಜಿಗೆ ಇಲ್ಲದ ರೋಗಕ್ಕೆ ಮೊಮ್ಮಗಳು ಮನೆಯಲ್ಲಿ ಕೂರಬೇಕೇ? ಹಸೆಮಣೆಗೆ ಕರೆತರಬೇಕಾದ ಸೋದರಮಾವ ನೀನು. ಈ ಕಾಗದಕ್ಕೂ ಟಾನಿಕ್ ಕಳಿಸಿದರೆ ಆ ಸೀಸೆಗಳನ್ನು ನಿನ್ನ ಅಂಗಡಿಯ ಮುಂದೆಯೇ ತಂದು ಒಡೆಯುತ್ತೇನೆ.

ಮಕ್ಕಳಿಗೆ ಆಶೀರ್ವಾದ. ನಾದಿನಿಗೆ ಮಂಡಿನೋವು ಹೇಗಿದೆ? ಅವಳಿಗೆ ನಿನ್ನ ತೈಲ ಹಚ್ಚಬೇಡ, ಬಿಸಿನೀರು ಕಾಯಿಸಿ ಕೊಡು.

ನಿನ್ನ ಅಕ್ಕ,
ಬಸವಮ್ಮ

ತಾ.ಕ.: ಈ ಕಾಗದವನ್ನು ನಿನ್ನೆಯೇ ಟಪ್ಪಾಲಿಗೆ ಹಾಕಬೇಕಿತ್ತು. ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ಬಾಗಿಲಲ್ಲಿ ಚೆನ್ನಾಜಮ್ಮ ನಿಂತಿದ್ದರು. ಗಂಡನಿಗೂ ಮಗನಿಗೂ ಹೇಳದೆ ಒಬ್ಬರೇ ಬಸ್ಸು ಹತ್ತಿ ಬಂದಿದ್ದರು. ಬಯ್ಯಬೇಕೆಂದು ಕೂಡಿಟ್ಟುಕೊಂಡಿದ್ದ ಮಾತುಗಳೆಲ್ಲ ನನ್ನ ನಾಲಿಗೆಯ ತುದಿಯಲ್ಲಿದ್ದವು. ಅವರು ಕೂರಲೂ ಇಲ್ಲ. ಸೆರಗಿನ ಗಂಟು ಬಿಚ್ಚಿ, ಸೀಸೆಯಿಂದ ನೆನೆಸಿ ಬಿಡಿಸಿದ ಚೀಟಿಯೊಂದನ್ನು ತೆಗೆದು ನನ್ನ ಅಂಗೈ ಮೇಲಿಟ್ಟರು. ಅವ್ವನ ಮುಖ.

"ನಿಮ್ಮವ್ವಾರಿಗೆ ಎಷ್ಟು ಸೀಸೇಲಿ ವಾಸಿಯಾಯ್ತು, ಬಸವಮ್ಮಾರೆ? ನಮ್ಮ ಮಲ್ಲಾಜಿಗೆ ಮೂರು ವರ್ಷದಿಂದ ಕುಡಿಸ್ತಾನೇ ಇವ್ನಿ. ಇನ್ನೂ ಬತ್ತದೆ ಕಣವ್ವ."

ಮಲ್ಲಾಜಿ ಹುಡುಗನ ತಂಗಿ. ಇನ್ನೂ ಚಿಕ್ಕವಳು. ಹೋದ ತಿಂಗಳು ಒಲೆಯ ಮುಂದೆ ಬಿದ್ದು ಕೈ ಸುಟ್ಟುಕೊಂಡಿದ್ದಾಳಂತೆ. ಇಷ್ಟು ದಿನ ಅವರು ಸುಮ್ಮನಿದ್ದದ್ದು ನಮ್ಮನ್ನು ಬೇಡವೆಂದಲ್ಲ. ಇದನ್ನು ಹೇಗೆ ಕೇಳುವುದು, ಕೇಳಿದರೆ ನಾವೇ ಅವರನ್ನು ಬೇಡವೆನ್ನುತ್ತೇವೋ ಎಂಬ ಹೆದರಿಕೆಯಿಂದ. ಪಟದಲ್ಲಿ ಅವ್ವನನ್ನು ಕಂಡಾಗ ದೇವರನ್ನೇ ಕಂಡಂತಾಯಿತು, ಅದಕ್ಕೇ ಗಂಟಲಲ್ಲಿ ತುತ್ತು ಇಳಿಯಲಿಲ್ಲ ಎಂದರು. ಮೂರ್ಛೆಯಿದ್ದವಳು ಮಕ್ಕಳನ್ನು ಹೆತ್ತು, ಸಾಕಿ, ತಲೆ ನೆರೆಯುವವರೆಗೆ ಬಾಳಿದಳಲ್ಲ, ನನ್ನ ಮಗಳೂ ಹಾಗೇ ಆಗುತ್ತಾಳೆ ಅಲ್ಲವೇ ಎಂದು ಕೇಳಿದರು. ಮೂರ್ಛೆ ಕಂಡ ಮನೆಯ ಹೆಣ್ಣು ಸೊಸೆಯಾಗಿ ಬಂದರೆ ಮಲ್ಲಾಜಿಯನ್ನು ಹೀನಾಯ ಮಾಡುವುದಿಲ್ಲ, ಅದಕ್ಕೇ ಸರ್ವಮಂಗಳೆಯೇ ಬೇಕು ಎಂದರು.

ನಿನಗೆ ಇಷ್ಟುದ್ದ ಬುದ್ಧಿ ಹೇಳಿ ಬರೆದವಳು ಏನೆಂದೆ ಗೊತ್ತೇ? ಪೂರ್ತಿ ವಾಸಿಯಾಗಿತ್ತು ಎಂದೆ. ಆ ಹೆಂಗಸಿನ ಕಣ್ಣು ನೋಡುತ್ತ ಬೇರೆ ಮಾತು ಬರಲಿಲ್ಲ. ಮಗಳ ಮದುವೆಯೂ ನೆನಪಾಯಿತು, ಸುಳ್ಳೇಕೆ ಹೇಳಲಿ. ಅವರು ಅವ್ವನ ಪಟದ ಮುಂದೆ ನಿಂತು ತಮ್ಮ ತುರುಬಿನ ಹೂವು ತೆಗೆದಿಟ್ಟು ಕೈಮುಗಿದು ಹೋದರು. ನಾನು ರಾತ್ರಿಯೆಲ್ಲ ಪಟದಲ್ಲಿನ ಅವ್ವನ ಮುಖ ನೋಡಲಾರದೆ ಮಗ್ಗುಲಾಗಿ ಮಲಗಿದ್ದೆ.

ಬೆಳಿಗ್ಗೆ ಎಲ್ಲವನ್ನೂ ಸರ್ವಮಂಗಳೆಗೆ ಹೇಳಿದೆ. ಬಹಳ ಹೊತ್ತು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಮೊದಲು ಆ ಹುಡುಗಿಯನ್ನು ಮೈಸೂರಿನ ದೊಡ್ಡಾಸ್ಪತ್ರೆಗೆ ತೋರಿಸಬೇಕಲ್ಲವೇ ಎಂದಳು.

ಕಂಠಪ್ಪನವರಿಗೆ ಕಾಗದ ಬರೆಯಬೇಡ. ನೀನೇ ಬಾ. ಇಬ್ಬರೂ ಬೆಟ್ಟದಪುರಕ್ಕೆ ಹೋಗಿ ಆ ತಾಯಿಯ ಮುಂದೆ ನಿಂತು ನಿಜ ಹೇಳೋಣ. ಮದುವೆ ಆದರೆ ಆಗಲಿ, ಹೋದರೆ ಹೋಗಲಿ. ಒಬ್ಬಳೇ ಹೋಗಲು ನನ್ನ ಕಾಲು ಬರುವುದಿಲ್ಲ.

ಬರುವಾಗ ಸೀಸೆ ತರಬೇಡ.