ಪುಟದ ಅಡಿಯ ಜಾಹೀರಾತು

ಮಂಗಳವಾರ, ಸಂಜೆ

ಸರ್ವರ್ ಸಾಹೇಬರಿಗೆ,

ನೀವು ಮನೆಯಲ್ಲಿದ್ದಾಗ ಕರೆಯುತ್ತಿದ್ದ ಹಾಗೆಯೇ ಕರೆದಿದ್ದೇನೆ, ಬೇರೆ ಏನೂ ಹೊಳೆಯಲಿಲ್ಲ. ನಿಮ್ಮ ಅಕ್ಕನ ಮನೆಯಲ್ಲಿ ಊಟ, ನಿದ್ದೆ ಸರಿಯಾಗಿದೆ ಅಂದುಕೊಳ್ಳುತ್ತೇನೆ. ನನಗೆ ಬೇಜಾರೂ ಇಲ್ಲ, ಸಂತೋಷವೂ ಇಲ್ಲ. ಹಲ್ಲು ಕೀಳಿಸಿಕೊಂಡ ಮೇಲೆ ಕೆನ್ನೆ ಮುಟ್ಟಿದರೂ ಗೊತ್ತಾಗುವುದಿಲ್ಲವಲ್ಲ, ಹಾಗಿದ್ದೇನೆ.

ಇದು ನಮ್ಮ ಮುಕ್ತ ತಂತ್ರಾಂಶ ಸಂಘದ ಪರವಾಗಿ ಬರೆಯುತ್ತಿರುವ ಪತ್ರ. ಸಮಿತಿಯವರು ಬರೆಯಲು ಹೇಳಿದ್ದಾರೆ.

ಶನಿವಾರ ಗ್ರಂಥಪಾಲಕರಿಗೆ ತರಗತಿ ಇತ್ತು. ಯಾರ ಅಪ್ಪಣೆಯೂ ಇಲ್ಲದೆ ಬಳಸಿ, ತಿದ್ದಿ, ಹಂಚಿಕೊಳ್ಳಬಹುದಾದ ಮುಕ್ತ ತಂತ್ರಾಂಶ ಏಕೆ ಬೇಕು ಎಂದು ಎಂದಿನಂತೆ ಕೊರೆದೆ. ನಮ್ಮ ಜಾಲತಾಣವನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದೆ. ಮುಂದಿನ ಸಾಲಿನಲ್ಲಿದ್ದ ಗ್ರಂಥಪಾಲಕಿಯೊಬ್ಬರು ಎದ್ದು, ‘ನಿಮ್ಮ ತಾಣವನ್ನೂ ನಮ್ಮಲ್ಲೇ ಕಟ್ಟಿ’ ಅಂತ ಪುಟದ ಕೆಳಗಡೆ ಯಾವುದೋ ಕಂಪನಿಯ ಜಾಹೀರಾತು ಯಾಕಿದೆ ಮೇಡಂ ಅಂತ ಕೇಳಿದರು. ನಮ್ಮ ತಾಣ ಆ ಕಂಪನಿಯದೇ ತಂತ್ರಾಂಶದಲ್ಲಿದೆ, ನೋಡಿಕೊಳ್ಳೋಕೆ ನಮ್ಮಲ್ಲಿ ಜನ ಇಲ್ಲ ಅಂದೆ. ಅವರು ದನಿ ಏರಿಸಲಿಲ್ಲ. ನಿಮಗೇ ಆಗದೇ ಇದ್ದದ್ದು ನಮ್ಮ ಕೈಲಿ ಆಗುತ್ತಾ ಅಂತಷ್ಟೇ ಕೇಳಿ ಕೂತರು. ಚಹಾ ಬಿಡುವಾದ ಮೇಲೆ ಅರ್ಧ ಜನ ಒಳಗೆ ಬರಲಿಲ್ಲ. ನನಗೆ ನಾಚಿಕೆ ಆಗಬೇಕಿತ್ತು, ಆಗಲಿಲ್ಲ. ಖಾಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟೆ.

ನಾನು ಹೇಳಿರಲಿಲ್ಲವಾ ಅಂತ ಮೀಸೆ ತಿರುವಬೇಡಿ. ತಾಣವನ್ನು ನಮ್ಮ ಅಡುಗೆಮನೆಯಲ್ಲಿ ನೀವು ನಡೆಸುತ್ತಿದ್ದ ಸರ್ವರ್ ಯಂತ್ರದಿಂದ ಕಂಪನಿಗೆ ಸಾಗಿಸೋಣ ಅಂತ ಸಮಿತಿಯವರು ಅಂದಾಗ ನಾನೂ ಪರವಾಗಿ ಕೈ ಎತ್ತಿದೆ, ಇವತ್ತು ಕೇಳಿದರೂ ಎತ್ತುತ್ತೇನೆ. ನಿಮಗೆ ಜ್ವರ ಬಂದರೆ ತಾಣವೂ ಮಲಗುತ್ತಿತ್ತು. ತಾಣದ ಕೀಲಿ ಕಂಪನಿಯ ಕೈಲಿದ್ದರೆ ಅನ್ಯಾಯ ಅನ್ನುತ್ತಿದ್ದಿರಿ. ನಿಮ್ಮೊಬ್ಬರ ಜೇಬಿನಲ್ಲಿದ್ದರೆ ಅದು ನ್ಯಾಯವೇ? ಬೇರೆಯವರಿಗೂ ಕಲಿಸಿ ಅಂದರೆ ಕಿವಿಗೆ ಹಾಕಿಕೊಳ್ಳಲಿಲ್ಲ. ನನಗಾದರೂ ಕಲಿಸಿ ಅಂದಾಗ ನಕ್ಕಿರಿ. ಆ ನಗು ನೆನಪಾಗಿಯೇ ಕೈ ಎತ್ತಿದ್ದು. ನೀವು ಅಂಗಿಗಳನ್ನು ಚೀಲಕ್ಕೆ ತುರುಕಿಕೊಂಡು ಹೊರಟುಬಿಟ್ಟಿರಿ.

ಈಗ ಸಮಿತಿಯ ಕೋರಿಕೆ ಇಷ್ಟೇ. ಬಂದು ತಾಣವನ್ನು ಮತ್ತೆ ಮುಕ್ತ ತಂತ್ರಾಂಶದ ಮೇಲೆ ನಿಲ್ಲಿಸಿಕೊಡಿ, ಇಬ್ಬರಿಗಾದರೂ ಕೆಲಸ ಕಲಿಸಿ. ಇಲ್ಲದಿದ್ದರೆ ಇನ್ನು ಯಾವ ಮುಖ ಹೊತ್ತು ತರಗತಿ ನಡೆಸುವುದು? ಹಳೆಯ ಯಂತ್ರವನ್ನು ಗುಜರಿಗೆ ಹಾಕಬೇಕೆಂದು ತೀರ್ಮಾನವಾಗಿದ್ದು ನಿಮಗೆ ಗೊತ್ತೇ ಇದೆ. ನೀವು ಬರುವುದಾದರೆ ಬೇರೊಂದನ್ನು ನೋಡೋಣ.

ಇತಿ,
ಸಂಘದ ಕಾರ್ಯದರ್ಶಿ,
ಸದ್ಯಕ್ಕೆ ನಿಮ್ಮ ಹೆಂಡತಿಯೂ

ಮರೆತಿದ್ದೆ: ಶನಿವಾರದ ಮೇಲೆ ಸಮಿತಿ ಇನ್ನೂ ಸೇರಿಲ್ಲ, ಈ ಪತ್ರ ಬರೆಯಲು ಯಾರೂ ಹೇಳಿಲ್ಲ. ಗುಜರಿಯವನನ್ನು ಬಾಗಿಲಿನಿಂದಲೇ ವಾಪಸ್ ಕಳಿಸಿದೆ. ನೀವು ಹೋದಾಗಿನಿಂದ ನಿಮ್ಮ ಯಂತ್ರ ಅಡುಗೆಕಟ್ಟೆಯ ಕೆಳಗೆ ಓಡುತ್ತಲೇ ಇತ್ತು. ನಿನ್ನೆ ಕರೆಂಟು ಹೋಗಿ ಅದರ ಫ್ಯಾನಿನ ಸದ್ದು ನಿಂತಿತು. ಆಗ ಅಳು ಬಂತು, ಎಷ್ಟೋ ದಿನದ ಮೇಲೆ. ಕರೆಂಟು ಬಂದಿದೆ. ಅದನ್ನು ಎಬ್ಬಿಸುವುದು ನನಗೆ ಬರುವುದಿಲ್ಲ. ಬಂದು ಕಲಿಸಿ.